‘ಓದುವವರಿಲ್ಲ’ ಎಂದವರು ಯಾರು? ಒಂದು ಕ್ರೀಡಾ ಪುಟದ ಪ್ರಕರಣ

ಹಿನ್ನೆಲೆ

ಇದು ಕನ್ನಡದ ಒಂದು ದಿನಪತ್ರಿಕೆಯ ಕ್ರೀಡಾ ವಿಭಾಗದಲ್ಲಿ 2023ರ ಮಳೆಗಾಲದಲ್ಲಿ ನಡೆದದ್ದು. ಪತ್ರಿಕೆಯ ಹೆಸರನ್ನಾಗಲಿ, ಅಲ್ಲಿದ್ದವರ ಹೆಸರನ್ನಾಗಲಿ ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ನಾನು ಆಗ ಆ ಡೆಸ್ಕ್‌ನಲ್ಲಿಯೇ ಇದ್ದೆ; ಆದ್ದರಿಂದ ಇದು ದೂರದಿಂದ ನೋಡಿ ಬರೆದ ವರದಿಯಲ್ಲ.

ಆ ವರ್ಷದ ಜುಲೈ 20ರಿಂದ ಆಗಸ್ಟ್ 20ರವರೆಗೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ ಮಹಿಳಾ ವಿಶ್ವಕಪ್ ಫುಟ್‌ಬಾಲ್ ನಡೆಯಿತು. ಅದಕ್ಕೆ ಎರಡು ವಾರ ಮೊದಲಷ್ಟೇ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಪುರುಷರ ಸ್ಯಾಫ್ (ದಕ್ಷಿಣ ಏಷ್ಯಾ) ಫುಟ್‌ಬಾಲ್ ಟೂರ್ನಿ ಮುಗಿದಿತ್ತು. ಜುಲೈ 4ರ ಫೈನಲ್‌ನಲ್ಲಿ ಭಾರತ ಪೆನಾಲ್ಟಿ ಶೂಟೌಟ್‌ನಲ್ಲಿ ಕುವೈತ್ ತಂಡವನ್ನು ಮಣಿಸಿದಾಗ ನಮ್ಮ ಪುಟದ ತಲೆಬರಹವೇ ಅದಾಗಿತ್ತು. ಓದುಗರಿಗೆ ಫುಟ್‌ಬಾಲ್ ಬೇಡ ಎಂಬ ಮಾತು ಅಂದು ಯಾರ ಬಾಯಲ್ಲಿಯೂ ಬರಲಿಲ್ಲ. ಮೇ ತಿಂಗಳಲ್ಲಿ ಬೆಂಗಳೂರಿನದೇ ಆದ ಕಿಕ್‌ಸ್ಟಾರ್ಟ್ ಎಫ್‌ಸಿ ಇಂಡಿಯನ್ ವಿಮೆನ್ಸ್ ಲೀಗ್‌ನ ಫೈನಲ್ ತಲುಪಿ, ಅಹಮದಾಬಾದ್‌ನಲ್ಲಿ ಗೋಕುಲಂ ಕೇರಳ ತಂಡಕ್ಕೆ 0–5ರಲ್ಲಿ ಸೋತಿತ್ತು. ಊರಿನ ತಂಡವೊಂದು ರಾಷ್ಟ್ರೀಯ ಲೀಗ್‌ನ ಫೈನಲ್ ಆಡಿದ ಆ ಸುದ್ದಿ ನಮ್ಮಲ್ಲಿ ಒಂದು ಕಾಲಂ, ನಾಲ್ಕು ವಾಕ್ಯ. ಚಿತ್ರವಿಲ್ಲ.

ಡೆಸ್ಕ್‌ನ ದಿನಚರಿಯನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ದೂರದ ಜಿಲ್ಲೆಗಳಿಗೆ ಹೋಗುವ ಮೊದಲ ಆವೃತ್ತಿಯ ಪುಟಗಳು ರಾತ್ರಿ ಹತ್ತರ ಸುಮಾರಿಗೆ ಮುದ್ರಣಕ್ಕೆ ಹೋಗುತ್ತವೆ. ಯುರೋಪಿನ ದೊಡ್ಡ ಪಂದ್ಯಗಳು ನಮ್ಮಲ್ಲಿ ಆರಂಭವಾಗುವುದೇ ಮಧ್ಯರಾತ್ರಿ ದಾಟಿ. ಅವುಗಳ ಫಲಿತಾಂಶ ಒಂದು ದಿನ ತಡವಾಗಿ, ಎಲ್ಲರೂ ಮೊಬೈಲ್‌ನಲ್ಲಿ ನೋಡಿಯಾದ ಮೇಲೆ ಅಚ್ಚಾಗುತ್ತದೆ. ಈ ವಿಶ್ವಕಪ್ ಅದಕ್ಕೆ ತದ್ವಿರುದ್ಧ. ಸಿಡ್ನಿಯಲ್ಲಿ ರಾತ್ರಿ ಎಂಟಕ್ಕೆ ಶುರುವಾಗುವ ಪಂದ್ಯ ನಮ್ಮಲ್ಲಿ ಮಧ್ಯಾಹ್ನ ಮೂರೂವರೆಗೆ. ಸಂಜೆಯ ಕಾಫಿ ಬರುವ ಹೊತ್ತಿಗೆ ಸುದ್ದಿ ಸಂಸ್ಥೆಯ ವರದಿ, ಚಿತ್ರ ಎಲ್ಲವೂ ಕಂಪ್ಯೂಟರಿನಲ್ಲಿ ಸಿದ್ಧ. ಅದೇ ದಿನಗಳಲ್ಲಿ ಭಾರತದ ಕ್ರಿಕೆಟ್ ತಂಡ ವೆಸ್ಟ್ ಇಂಡೀಸ್‌ನಲ್ಲಿತ್ತು. ಟೆಸ್ಟ್ ಪಂದ್ಯದ ದಿನದಾಟ ಶುರುವಾಗುತ್ತಿದ್ದದ್ದೇ ರಾತ್ರಿ ಏಳೂವರೆಗೆ. ಅಂದರೆ, ಪುಟ ಕಟ್ಟುವ ಹೊತ್ತಿಗೆ ಕ್ರಿಕೆಟ್‌ನ ಕೈಯಲ್ಲಿ ಭೋಜನ ವಿರಾಮದ ಸ್ಕೋರ್ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಫುಟ್‌ಬಾಲ್‌ನ ಕೈಯಲ್ಲಿ ಪೂರ್ತಿ ಪಂದ್ಯವೇ ಇರುತ್ತಿತ್ತು.

ಸಮಸ್ಯೆ

ಹಾಗಿದ್ದರೂ ಜುಲೈ 20ರ ಸಂಜೆಯ ಸಭೆಯಲ್ಲಿ ವಿಶ್ವಕಪ್‌ಗೆ ಸಿಕ್ಕಿದ್ದು ಪುಟದ ಕೆಳಮೂಲೆ. ಪೋರ್ಟ್ ಆಫ್ ಸ್ಪೇನ್‌ನಲ್ಲಿ ಅಂದು ಶುರುವಾಗಲಿದ್ದ ಟೆಸ್ಟ್ ವಿರಾಟ್ ಕೊಹ್ಲಿಯ 500ನೇ ಅಂತರರಾಷ್ಟ್ರೀಯ ಪಂದ್ಯ. ಅದಕ್ಕೆ ಮೇಲ್ಭಾಗ ಕೊಟ್ಟದ್ದರಲ್ಲಿ ತಕರಾರಿಲ್ಲ. ಆದರೆ ಸಿಡ್ನಿಯಲ್ಲಿ ಆಸ್ಟ್ರೇಲಿಯಾ–ಐರ್ಲೆಂಡ್ ಪಂದ್ಯ ನೋಡಲು 75,784 ಮಂದಿ ಸೇರಿದ್ದರು. ಬೇಡಿಕೆ ನೋಡಿಯೇ ಆ ಪಂದ್ಯವನ್ನು ದೊಡ್ಡ ಕ್ರೀಡಾಂಗಣಕ್ಕೆ ವರ್ಗಾಯಿಸಿದ್ದರು. ಈ ವಿಷಯವೇ ವರದಿಯಲ್ಲಿ ಉಳಿಯಲಿಲ್ಲ. ಜಾಗ ಸಾಲದೆ ಕತ್ತರಿಸಿಹೋಯಿತು.

ಮುಖ್ಯಸ್ಥರ ಮಾತು ನನಗೆ ಚೆನ್ನಾಗಿ ನೆನಪಿದೆ. “ನನಗೇನೂ ಅಭ್ಯಂತರವಿಲ್ಲ. ಆದರೆ ನಮ್ಮ ಓದುಗರು ಇದನ್ನು ಓದುವುದಿಲ್ಲ.” ಪ್ರಸರಣ ವಿಭಾಗದವರು ದನಿಗೂಡಿಸಿದರು: “ಯಾವ ಏಜೆಂಟರೂ ಈವರೆಗೆ ಮಹಿಳಾ ಫುಟ್‌ಬಾಲ್ ಬೇಕು ಎಂದು ಕೇಳಿಲ್ಲ.” ಡೆಸ್ಕ್‌ನ ಕಿರಿಯ ಉಪಸಂಪಾದಕಿ ಮೆಲ್ಲಗೆ ಹೇಳಿದರು: “ವಿಂಬಲ್ಡನ್ ಬೇಕು ಎಂದು ಏಜೆಂಟರು ಕೇಳಿದ್ದರೇ ಸರ್? ಹೋದ ವಾರ ವೊಂಡ್ರೌಸೊವಾ ಗೆದ್ದದ್ದನ್ನು ನಾಲ್ಕು ಕಾಲಂ ಹಾಕಿದೆವಲ್ಲ.” ಯಾರೂ ಉತ್ತರಿಸಲಿಲ್ಲ. ಚರ್ಚೆ ಜಾಹೀರಾತಿನ ಅಳತೆಯ ಕಡೆಗೆ ಹೋಯಿತು.

ಈ ಪ್ರಶ್ನೆಯನ್ನು ಅಂದು ಅಲ್ಲಿಗೇ ಬಿಡಬಾರದಿತ್ತು. ಮಹಿಳಾ ಟೆನಿಸ್ ಓದುಗರಿಗೆ ಬೇಕೋ ಬೇಡವೋ ಎಂದು ಯಾರೂ ಸಮೀಕ್ಷೆ ಮಾಡಿಲ್ಲ. ವರ್ಷಗಟ್ಟಲೆ ಹಾಕುತ್ತ ಬಂದಿದ್ದಾರೆ, ಜನ ಓದುತ್ತ ಬಂದಿದ್ದಾರೆ. ಫುಟ್‌ಬಾಲ್‌ಗೆ ಆ ಅವಕಾಶವೇ ಸಿಕ್ಕಿಲ್ಲ. ಇಂಗ್ಲೆಂಡಿನ ಹಳೆಯ ಕಥೆಯೂ ಇದನ್ನೇ ಹೇಳುತ್ತದೆ. 1920ರ ಕ್ರಿಸ್‌ಮಸ್‌ನ ಮರುದಿನ ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಡಿಕ್ ಕೆರ್ ಲೇಡೀಸ್ ತಂಡದ ಆಟ ನೋಡಲು ಸುಮಾರು 53,000 ಮಂದಿ ಬಂದಿದ್ದರು. ಮರುವರ್ಷ ಡಿಸೆಂಬರ್‌ನಲ್ಲಿ ಅಲ್ಲಿನ ಫುಟ್‌ಬಾಲ್ ಸಂಸ್ಥೆ, ಈ ಆಟ ಹೆಂಗಸರಿಗೆ ತಕ್ಕದ್ದಲ್ಲವೆಂದು ಹೇಳಿ, ತನ್ನ ಸದಸ್ಯ ಕ್ಲಬ್‌ಗಳ ಮೈದಾನಗಳನ್ನು ಅವರಿಗೆ ಮುಚ್ಚಿತು. ಆ ಬಾಗಿಲು ತೆರೆಯಲು ಸುಮಾರು ಅರ್ಧ ಶತಮಾನ ಬೇಕಾಯಿತು. ನೋಡುವವರಿಲ್ಲದೆ ನಿಂತ ಆಟವಲ್ಲ ಅದು. ನಿಲ್ಲಿಸಿದ್ದರಿಂದ ನೋಡುವವರನ್ನು ಕಳೆದುಕೊಂಡ ಆಟ.

ಮೊದಲ ಪ್ರಯತ್ನ

ಕೆಳಮೂಲೆಯ ಆ ಜಾಗಕ್ಕೆ ವಿನ್ಯಾಸ ವಿಭಾಗದವರು ಒಂದು ಗುಲಾಬಿ ಪಟ್ಟಿ ಹಾಕಿ, ಚೆಂಡನ್ನು ತಬ್ಬಿದ ಹುಡುಗಿಯ ರೇಖಾಚಿತ್ರ ಸೇರಿಸಿದರು. ಒಳಗೆ ಹೋಗುತ್ತಿದ್ದದ್ದು ಬಹುತೇಕ ಮನಕರಗುವ ಬರಹಗಳು: ಮಗುವನ್ನು ಕಂಕುಳಲ್ಲಿಟ್ಟುಕೊಂಡ ಆಟಗಾರ್ತಿ, ಅಳುತ್ತಿರುವ ಗೋಲ್‌ಕೀಪರ್, ಬಣ್ಣ ಬಳಿದ ತಲೆಗೂದಲು. ಪಂದ್ಯದ ಫಲಿತಾಂಶ ಕೊನೆಯ ಸಾಲಿನಲ್ಲಿ. ಗೋಲು ಹೇಗೆ ಬಂತು ಎಂಬುದು ಇರುತ್ತಲೇ ಇರಲಿಲ್ಲ. ಕೆಲಸ ವಹಿಸಿದ್ದು ಆ ಕಿರಿಯ ಉಪಸಂಪಾದಕಿಗೆ; ಅವರ ಆಸಕ್ತಿ ಕಬಡ್ಡಿಯಲ್ಲಿ, ಫುಟ್‌ಬಾಲ್‌ನಲ್ಲಿ ಅಲ್ಲ. ಪಕ್ಕದ ಕುರ್ಚಿಯಲ್ಲಿ ಇಪ್ಪತ್ತು ವರ್ಷ ಫುಟ್‌ಬಾಲ್ ಬರೆದವರು ಕುಳಿತಿದ್ದರು. ಅವರಿಗೆ ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಓದುಗರ ಪ್ರತಿಕ್ರಿಯೆ ಎರಡು ಬಗೆಯದು. ಒಂದು, ಮೌನ. ಇನ್ನೊಂದು, ಸಿಡುಕು. “ಇದನ್ನು ಭಾನುವಾರದ ಮಹಿಳಾ ಪುರವಣಿಗೆ ಹಾಕಿ, ಆಟದ ಪುಟ ಹಾಳು ಮಾಡಬೇಡಿ” ಎಂದು ಒಬ್ಬರು ಅಂಚೆ ಕಾರ್ಡಿನಲ್ಲಿ ಬರೆದಿದ್ದರು. ಮುಖ್ಯಸ್ಥರು ಅದನ್ನು ತಮ್ಮ ವಾದಕ್ಕೆ ಪುರಾವೆಯಾಗಿ ಎತ್ತಿ ತೋರಿಸಿದರು. ನನಗೆ ಆ ಕಾರ್ಡ್ ಬರೆದವರ ಮೇಲೆ ಅಷ್ಟೇನೂ ಕೋಪ ಬರಲಿಲ್ಲ. ಆ ಪೆಟ್ಟಿಗೆಯೊಳಗೆ ಆಟ ಇರಲೇ ಇಲ್ಲವಲ್ಲ. ಪುರವಣಿಗೆ ಕಳುಹಿಸಿ ಎಂದದ್ದು ಒಂದು ರೀತಿಯಲ್ಲಿ ಸರಿಯಾದ ಓದೇ.

ಜುಲೈ 31ರ ಸಂಚಿಕೆಯಲ್ಲಿ ಇದು ಮಿತಿ ಮೀರಿತು. ಹಿಂದಿನ ದಿನ ಮೊರಾಕ್ಕೊ ತಂಡ ದಕ್ಷಿಣ ಕೊರಿಯಾವನ್ನು 1–0ರಿಂದ ಸೋಲಿಸಿ, ಮಹಿಳಾ ವಿಶ್ವಕಪ್‌ನಲ್ಲಿ ತನ್ನ ಮೊದಲ ಗೆಲುವು ಪಡೆದಿತ್ತು. ಆ ತಂಡದ ನೌಹೈಲಾ ಬೆನ್‌ಜಿನಾ ಹಿರಿಯರ ವಿಶ್ವಕಪ್‌ನಲ್ಲಿ ಹಿಜಾಬ್ ಧರಿಸಿ ಆಡಿದ ಮೊದಲ ಆಟಗಾರ್ತಿ. ಸುದ್ದಿ ನಿಜ, ಮುಖ್ಯವಾದದ್ದೂ ಹೌದು. ಆದರೆ ನಮ್ಮ ಶೀರ್ಷಿಕೆಯಲ್ಲಿ, ಚಿತ್ರದಲ್ಲಿ, ಮೊದಲ ಮೂರು ಪ್ಯಾರಾಗಳಲ್ಲಿ ಹಿಜಾಬ್ ಬಿಟ್ಟು ಬೇರೇನೂ ಇರಲಿಲ್ಲ. 2022ರಲ್ಲಿ ತರಗತಿಯ ಹಿಜಾಬ್ ವಿವಾದ ಸುಪ್ರೀಂ ಕೋರ್ಟ್‌ವರೆಗೆ ಹೋಗಿದ್ದ ರಾಜ್ಯದಲ್ಲಿ ಇದರ ಪರಿಣಾಮವನ್ನು ಊಹಿಸಲು ಜ್ಯೋತಿಷ್ಯ ಬೇಕಿಲ್ಲ. ಪತ್ರಿಕೆಯ ಫೇಸ್‌ಬುಕ್ ಪುಟದಲ್ಲಿ ಆ ಟೂರ್ನಿಯ ಯಾವ ಸುದ್ದಿಗೂ ಬಾರದಷ್ಟು ಪ್ರತಿಕ್ರಿಯೆ ಬಂತು. ಅದರಲ್ಲಿ ಮೊರಾಕ್ಕೊ ಎಷ್ಟು ಗೋಲು ಹೊಡೆಯಿತು ಎಂದು ಗಮನಿಸಿದವರು ಒಬ್ಬರೂ ಇದ್ದಂತಿಲ್ಲ. ಸಂಜೆಗೆ ಪ್ರತಿಕ್ರಿಯೆಗಳನ್ನು ಮುಚ್ಚಬೇಕಾಯಿತು. ಮೂರು ದಿನಗಳ ನಂತರ ಅದೇ ಮೊರಾಕ್ಕೊ ಕೊಲಂಬಿಯಾವನ್ನೂ ಸೋಲಿಸಿ ನಾಕೌಟ್ ಹಂತಕ್ಕೇರಿತು. ಎರಡು ಸಲ ವಿಶ್ವಕಪ್ ಗೆದ್ದ ಜರ್ಮನಿ ಆ ಗುಂಪಿನಿಂದಲೇ ಮನೆಗೆ ಹೋಯಿತು. ಅಂಥ ಫಲಿತಾಂಶಕ್ಕೆ ನಮ್ಮಲ್ಲಿ ಎರಡು ಸಾಲು ಸಿಕ್ಕಿತು.

ತಿರುವು

ತಿರುವು ತಂದದ್ದು ಒಂದು ಜಾಹೀರಾತು. ಟೂರ್ನಿ ಶುರುವಾಗಿ ನಾಲ್ಕೈದು ದಿನಗಳಾದ ಮೇಲೆ ಪೆಟ್ಟಿಗೆಯ ಅಡಿಯಲ್ಲಿ ಎರಡು ಇಂಚು ಖಾಲಿ ಉಳಿಯಿತೆಂದು ಉಪಸಂಪಾದಕಿ ಅಲ್ಲಿ ಗುಂಪುಗಳ ಅಂಕಪಟ್ಟಿ ತುಂಬತೊಡಗಿದ್ದರು. ತಂಡ, ಪಂದ್ಯ, ಗೆಲುವು, ಡ್ರಾ, ಸೋಲು, ಅಂಕ. ಪಕ್ಕದಲ್ಲಿ ಮರುದಿನದ ಪಂದ್ಯಗಳ ಭಾರತೀಯ ಕಾಲಮಾನ, ಡಿಡಿ ಸ್ಪೋರ್ಟ್ಸ್ ಮತ್ತು ಫ್ಯಾನ್‌ಕೋಡ್ ಎಂಬ ಎರಡು ಹೆಸರು. ಅದನ್ನು ಯಾರೂ ಸಭೆಯಲ್ಲಿ ತೀರ್ಮಾನಿಸಿದ್ದಲ್ಲ. ಜುಲೈ 27ರಂದು ನೈಜೀರಿಯಾ 3–2ರಿಂದ ಆತಿಥೇಯ ಆಸ್ಟ್ರೇಲಿಯಾಕ್ಕೆ ಆಘಾತ ನೀಡಿತು. ಮರುದಿನವೋ ಅದರ ಮರುದಿನವೋ ಚಿನ್ನಾಭರಣದ ಮಳಿಗೆಯ ಜಾಹೀರಾತು ಬಂದು ಅಂಕಪಟ್ಟಿ ಹೊರಹೋಯಿತು.

ಬೆಳಿಗ್ಗೆ ಕಚೇರಿಗೆ ಕರೆಗಳು ಬಂದವು. ಬಹಳವಲ್ಲ, ಆದರೆ ನಾವು ನಿರೀಕ್ಷಿಸಿರದವರಿಂದ. ಮಂಗಳೂರಿನ ಒಬ್ಬರಿಗೆ ಆಸ್ಟ್ರೇಲಿಯಾ ಉಳಿಯಬೇಕಾದರೆ ಕೆನಡಾವನ್ನು ಸೋಲಿಸಲೇಬೇಕೇ, ಡ್ರಾ ಸಾಕೇ ಎಂಬ ಲೆಕ್ಕ ಬೇಕಿತ್ತು. ಮಲೆನಾಡಿನ ಒಂದು ಪ್ರೌಢಶಾಲೆಯ ದೈಹಿಕ ಶಿಕ್ಷಕರು ಕೇಳಿದರು: “ಪಟ್ಟಿಯನ್ನು ಕತ್ತರಿಸಿ ದಿನಾ ಸೂಚನಾ ಫಲಕಕ್ಕೆ ಅಂಟಿಸುತ್ತಿದ್ದೆ ಸರ್. ಮಕ್ಕಳು ಪ್ರಾರ್ಥನೆ ಮುಗಿದ ಕೂಡಲೇ ಅಲ್ಲಿಗೆ ಓಡುತ್ತಾರೆ. ಇವತ್ತು ಏಕೆ ಹಾಕಲಿಲ್ಲ?” ಫಲಕದ ಮುಂದೆ ನಿಲ್ಲುವವರಲ್ಲಿ ಹುಡುಗರೇ ಹೆಚ್ಚು ಎಂದೂ ಅವರು ಹೇಳಿದರು. ಕರೆ ಸ್ವೀಕರಿಸಿದವರು ಫುಟ್‌ಬಾಲ್ ಬರೆಯುವ ಆ ಹಿರಿಯರು. ಅವರು ಅಂದು ಸಂಜೆ ಸಭೆಗೆ ಬಂದದ್ದು ಕೈಯಲ್ಲಿ ಪೆನ್ಸಿಲ್ ಲೆಕ್ಕದ ಕಾಗದ ಹಿಡಿದು. ಆಸ್ಟ್ರೇಲಿಯಾ ಗೆಲ್ಲದಿದ್ದರೆ ಕಷ್ಟ ಎಂಬುದು ಅದರ ಸಾರ. ಆಸ್ಟ್ರೇಲಿಯಾ ಕೆನಡಾವನ್ನು 4–0ರಿಂದ ಹೊಸಕಿ ಹಾಕಿತು, ಅದು ಬೇರೆ ಮಾತು.

ಮೌನವನ್ನು ನಿರಾಸಕ್ತಿ ಎಂದು ಓದಿದ್ದೆವು. ಇದ್ದದ್ದು ತೆಗೆದಾಗ ಮಾತ್ರ ಆ ಮೌನದೊಳಗೆ ಯಾರಿದ್ದರು ಎಂಬುದು ತಿಳಿಯಿತು. ಇದಾಗಿ ಎರಡೇ ದಿನಕ್ಕೆ ಬೆನ್‌ಜಿನಾ ಸುದ್ದಿಯ ಗಲಾಟೆ. ಒಂದು ಕಡೆ ಜಗಳ, ಇನ್ನೊಂದು ಕಡೆ ಲೆಕ್ಕ ಕೇಳುವ ಓದುಗ. ಆಗಸ್ಟ್ ಮೊದಲ ವಾರ ಮುಖ್ಯಸ್ಥರು, ಸ್ವಲ್ಪ ಮುನಿಸಿನಿಂದಲೇ, “ಹಾಗಾದರೆ ನೀವೇ ನೋಡಿಕೊಳ್ಳಿ” ಎಂದರು.

ಎರಡನೇ ಪ್ರಯತ್ನ

ಗುಲಾಬಿ ಪಟ್ಟಿ ಹೋಯಿತು. ಬರೆಯುವ ಕೆಲಸ ಫುಟ್‌ಬಾಲ್ ಬರೆಯುವವರಿಗೆ ಬಂತು. ಉಪಸಂಪಾದಕಿ ಸಂತೋಷದಿಂದ ಕಬಡ್ಡಿಗೆ ಮರಳಿದರು. ವರದಿ ಎಂದರೆ ವರದಿ: ಯಾರು ಗೆದ್ದರು, ಯಾವ ನಿಮಿಷ, ಯಾರ ಪಾಸ್, ಎಲ್ಲಿ ತಪ್ಪಿತು. ಹಿನ್ನೆಲೆ ಬೇಕಾದಾಗ ಓದುಗನಿಗೆ ಹತ್ತಿರದ್ದನ್ನು ಹಿಡಿದೆವು. ಕೊಲಂಬಿಯಾದ ಹದಿನೆಂಟರ ಲಿಂಡಾ ಕೈಸೆಡೊ ಜರ್ಮನಿಯ ವಿರುದ್ಧ ಹೊಡೆದ ಗೋಲನ್ನು ಜಗತ್ತೇ ಕೊಂಡಾಡುತ್ತಿತ್ತು. ಒಂಬತ್ತು ತಿಂಗಳ ಹಿಂದೆ, 2022ರ ಅಕ್ಟೋಬರ್‌ನಲ್ಲಿ, ಇದೇ ಹುಡುಗಿ ನವಿ ಮುಂಬೈಯಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ಫೈನಲ್ ಆಡಿ ಹೋಗಿದ್ದಳು. ನಾವು ಆಗ ಆ ಫೈನಲ್‌ಗೆ ಕೊಟ್ಟ ಜಾಗ ಎಷ್ಟೆಂದು ಹಳೆಯ ಸಂಚಿಕೆ ತೆಗೆದು ನೋಡಿದವರು ಮರಳಿ ಮಡಿಚಿಟ್ಟರು.

ಆಗಸ್ಟ್ 12ರಂದು ಆಸ್ಟ್ರೇಲಿಯಾ–ಫ್ರಾನ್ಸ್ ಕ್ವಾರ್ಟರ್‌ಫೈನಲ್ ನಮ್ಮಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಇತ್ತು, ಶನಿವಾರ. ಹಲಸೂರಿನ ಗೌತಮಪುರಕ್ಕೆ ವರದಿಗಾರರೊಬ್ಬರನ್ನು ಕಳುಹಿಸಿದೆವು. ಪೆಲೆಯ ಪ್ರತಿಮೆ ಇರುವ, ಮನೆಗೊಬ್ಬ ಫುಟ್‌ಬಾಲ್ ಆಟಗಾರ ಇದ್ದಾನೆ ಎನ್ನುವಂಥ ಬಡಾವಣೆ ಅದು. ಒಂದು ಅಂಗಡಿಯ ಮುಂದೆ ಕೆಲವರು ಮೊಬೈಲ್ ಒರಗಿಸಿಟ್ಟುಕೊಂಡು ನೋಡುತ್ತಿದ್ದರು. ಮೊದಲರ್ಧದಲ್ಲಿ ಮಾತೆಲ್ಲ ‘ವೇಗ ಸಾಲದು’, ‘ಗಂಡಸರಷ್ಟು ಬಲವಿಲ್ಲ’ ಎಂಬ ಧಾಟಿಯಲ್ಲಿಯೇ ಇತ್ತು. ಪಂದ್ಯ ಶೂಟೌಟ್‌ಗೆ ಹೋಯಿತು, ಇಪ್ಪತ್ತು ಕಿಕ್‌ಗಳವರೆಗೆ ಎಳೆಯಿತು. ಆಸ್ಟ್ರೇಲಿಯಾದ ಗೋಲ್‌ಕೀಪರ್ ಮೆಕೆಂಜಿ ಆರ್ನಾಲ್ಡ್ ತಂಡದ ಐದನೇ ಕಿಕ್ ತೆಗೆದುಕೊಂಡು ಕಂಬಕ್ಕೆ ಹೊಡೆದಾಗ, ಹಿಂದೆ ಕ್ಲಬ್ ಆಟಗಾರರಾಗಿದ್ದ ಹಿರಿಯರೊಬ್ಬರು ಎದ್ದು ನಿಂತು ಕೋಚ್‌ನನ್ನು ಬೈಯತೊಡಗಿದರು: “ಗೆಲ್ಲುವ ಕಿಕ್ ಅನ್ನು ಗೋಲ್‌ಕೀಪರ್ ಕೈಗೆ ಕೊಡುತ್ತಾರೆಯೇ? ಫಾರ್ವರ್ಡ್‌ಗಳು ಎಲ್ಲಿ ಹೋದರು?” ವರದಿಗಾರರು ಈ ಬೈಗುಳವನ್ನೇ ಬರಹದ ನಡುವಿಗೆ ಇಟ್ಟರು. ಅದು ಒಳ್ಳೆಯ ತೀರ್ಮಾನವಾಗಿತ್ತು. ಆ ಹಿರಿಯರು ಬೈಯುತ್ತಿದ್ದದ್ದು ತಂತ್ರವನ್ನು. ಆಟಗಾರ್ತಿ ಹೆಣ್ಣೆಂಬುದು ಅಷ್ಟು ಹೊತ್ತಿಗೆ ಅವರ ಲೆಕ್ಕದಲ್ಲಿಯೇ ಇರಲಿಲ್ಲ.

ಸ್ವಾತಂತ್ರ್ಯ ದಿನದ ರಜೆಯಿಂದ 16ರಂದು ಪತ್ರಿಕೆ ಇರಲಿಲ್ಲ. ಸ್ಪೇನ್–ಸ್ವೀಡನ್ ಸೆಮಿಫೈನಲ್ 15ಕ್ಕೇ ಮುಗಿದಿತ್ತು. ಅದನ್ನು ಬಿಟ್ಟುಬಿಡೋಣ ಎಂದರು. ಬಿಡದೆ, 17ರ ಸಂಚಿಕೆಯಲ್ಲಿ, ಇಂಗ್ಲೆಂಡ್ 3–1ರಿಂದ ಆಸ್ಟ್ರೇಲಿಯಾವನ್ನು ಸೋಲಿಸಿದ ಸುದ್ದಿಯ ಜೊತೆಗೆ ಸೇರಿಸಿ ಅರ್ಧ ಪುಟ ಮಾಡಿದೆವು. 20ರ ಭಾನುವಾರ, ಡಬ್ಲಿನ್ ಬಳಿ ಭಾರತ–ಐರ್ಲೆಂಡ್ ಟಿ20 ಶುರುವಾಗುವ ಮೊದಲೇ ಓಲ್ಗಾ ಕಾರ್ಮೋನಾರ ಒಂದು ಗೋಲಿನಿಂದ ಸ್ಪೇನ್ ಕಪ್ ಎತ್ತಿತ್ತು. ಮರುದಿನ ಪುಟದ ಮುಖ್ಯ ಸುದ್ದಿ ಅದೇ. ಬೈಗುಳದ ಅಂಚೆ ಕಾರ್ಡುಗಳ ಸುರಿಮಳೆ ಬರಲಿಲ್ಲ.

ಮುಖಪುಟ ಸಿಕ್ಕಿದ ಬಗೆ

ಆಮೇಲೆ ನಡೆದದ್ದು ನಮ್ಮ ಕೈಯಲ್ಲಿರಲಿಲ್ಲ. ಪದಕ ಪ್ರದಾನದ ವೇಳೆ ಸ್ಪೇನ್ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ಲೂಯಿಸ್ ರುಬಿಯಾಲೆಸ್ ಆಟಗಾರ್ತಿ ಜೆನಿ ಎರ್ಮೊಸೊ ಅವರ ತುಟಿಗೆ ಮುತ್ತಿಟ್ಟ ಪ್ರಕರಣ ದಿನದಿಂದ ದಿನಕ್ಕೆ ಬೆಳೆಯಿತು. 25ರಂದು ಆತ ರಾಜೀನಾಮೆ ಕೊಡುವುದಿಲ್ಲವೆಂದು ಸಭೆಯಲ್ಲಿ ಗುಡುಗಿದ, 26ರಂದು ಫಿಫಾ ಅಮಾನತು ಮಾಡಿತು. ವಿಶ್ವಕಪ್ ಗೆದ್ದಾಗ ಒಂದು ಇಂಚೂ ಸಿಗದಿದ್ದ ನಮ್ಮ ಮುಖಪುಟ ಈಗ ಆ ಮುತ್ತಿಗೆ ಸಿಕ್ಕಿತು. ಸುದ್ದಿಯನ್ನು ವಿದೇಶ ವಿಭಾಗ ನಿರ್ವಹಿಸಿತು. ಓದುಗರ ಪತ್ರಗಳು ಸಾಕಷ್ಟು ಬಂದವು. ಕೆಲವರು ಕೆರಳಿದ್ದರು. ಕೆಲವರು ಇದಕ್ಕೇ ಹೆಣ್ಣುಮಕ್ಕಳನ್ನು ಆಟಕ್ಕೆ ಕಳುಹಿಸಬಾರದು ಎಂದು ಬರೆದರು. ಅಪರಾಧಿ ಯಾರೆಂಬುದೇ ಅವರಿಗೆ ತಲೆಕೆಳಗಾಗಿ ಕಂಡಿತ್ತು.

ಕ್ರೀಡಾ ವಿಭಾಗ ಒಂದೇ ಒಂದು ಪಟ್ಟು ಹಿಡಿಯಿತು. ಪ್ರತಿ ವರದಿಯಲ್ಲಿಯೂ ಎರ್ಮೊಸೊ ಯಾರು, ಸ್ಪೇನ್ ಪರ ಅತಿ ಹೆಚ್ಚು ಗೋಲು ಹೊಡೆದಾಕೆ ಎಂಬುದು ಇರಬೇಕು. ‘ಮುತ್ತಿನ ಆಟಗಾರ್ತಿ’ ಎಂಬಂಥ ಶೀರ್ಷಿಕೆ ಕೂಡದು. ಇದು ಸಣ್ಣ ಪಟ್ಟು, ಆದರೆ ವಿದೇಶ ವಿಭಾಗದೊಡನೆ ಎರಡು ಸಲ ಜಗಳವಾಯಿತು. ಸೆಪ್ಟೆಂಬರ್ 10ರಂದು ರುಬಿಯಾಲೆಸ್ ರಾಜೀನಾಮೆ ಘೋಷಿಸಿದ. 2025ರ ಫೆಬ್ರುವರಿಯಲ್ಲಿ ಸ್ಪೇನ್‌ನ ನ್ಯಾಯಾಲಯ ಆತನನ್ನು ಲೈಂಗಿಕ ದೌರ್ಜನ್ಯದ ಅಪರಾಧಿಯೆಂದು ತೀರ್ಮಾನಿಸಿ 10,800 ಯೂರೊ ದಂಡ ವಿಧಿಸಿದಾಗ ನಮ್ಮಲ್ಲಿ ಅದು ಒಳಪುಟಕ್ಕೆ ಹೋಯಿತು.

ಏನು ತಿಳಿಯಿತು

ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ನಡೆದು 2022ರ ಆರಂಭದಲ್ಲಿ ಪ್ರಕಟವಾದ ಒಂದು ಅಧ್ಯಯನ 1,950 ಪುರುಷ ಫುಟ್‌ಬಾಲ್ ಅಭಿಮಾನಿಗಳ ಸಮೀಕ್ಷೆ ಮಾಡಿ ಮೂರು ಬಗೆಯವರನ್ನು ಗುರುತಿಸಿತ್ತು. ಮಹಿಳಾ ಕ್ರೀಡೆಯ ಸುದ್ದಿ ಹೆಚ್ಚಾಗಲಿ ಎಂದು ಮನಸಾರೆ ಬಯಸುವವರು, ಬಹಿರಂಗವಾಗಿಯೇ ತುಚ್ಛೀಕರಿಸುವವರು, ಹೊರಗೆ ಸಮಾನತೆಯ ಮಾತಾಡಿ ಒಳಗೆ ಒಪ್ಪದವರು. ತುಚ್ಛೀಕರಿಸುವ ದನಿಯೇ ಅಲ್ಲಿ ಪ್ರಬಲವಾಗಿತ್ತು, ಮೊದಲ ಬಗೆಯವರೂ ಕಡಿಮೆ ಇರಲಿಲ್ಲ. ನಮ್ಮ ಓದುಗರಲ್ಲಿಯೂ ಈ ಮೊದಲ ಎರಡು ಬಗೆಯವರನ್ನು ಕಂಡೆವು: ಪಟ್ಟಿ ಕತ್ತರಿಸುವ ಮೇಷ್ಟರು ಒಂದೆಡೆ, ಅಂಚೆ ಕಾರ್ಡಿನವರು ಇನ್ನೊಂದೆಡೆ. ಮೂರನೆಯವರನ್ನು ಹುಡುಕಲು ಕಚೇರಿಯ ಹೊರಗೆ ಹೋಗಬೇಕಿರಲಿಲ್ಲ. ‘ನನಗೇನೂ ಅಭ್ಯಂತರವಿಲ್ಲ, ಓದುಗರಿಗೆ ಬೇಡ’ ಎನ್ನುವ ಮಾತು ಹೇಳುವವರ ಅಭಿರುಚಿಯನ್ನೇ ಓದುಗರ ತಲೆಗೆ ಕಟ್ಟುತ್ತದೆ. ಸಂಪಾದಕರ ಸಭೆಗಳಲ್ಲಿ ಈ ಮಾತು ಬಂದಾಗ ‘ಯಾವ ಓದುಗರು, ಯಾವಾಗ ಹೇಳಿದರು’ ಎಂದು ಕೇಳುವ ಅಭ್ಯಾಸವನ್ನು ಅಂದಿನಿಂದ ನಾನು ಬಿಟ್ಟಿಲ್ಲ.

ಜಾಲತಾಣದ ಅಂಕಿಗಳನ್ನು ನಂಬಿ ನಡೆದಿದ್ದರೆ ನಾವು ಇನ್ನೊಂದು ಪಾಠ ಕಲಿಯುತ್ತಿದ್ದೆವು. ಹೆಚ್ಚು ಜನ ತೆರೆದು ನೋಡಿದ್ದು ಹಿಜಾಬ್, ಮುತ್ತು ಇವೆರಡನ್ನೇ. ಅಂಕಪಟ್ಟಿಯನ್ನು ಯಾರೂ ಹಂಚಿಕೊಳ್ಳುವುದಿಲ್ಲ, ಅದಕ್ಕೆ ಯಾರೂ ಪ್ರತಿಕ್ರಿಯಿಸುವುದಿಲ್ಲ. ಆದರೆ ಜಗಳಕ್ಕೆ ಬಂದವರು ಮರುದಿನ ಬರುವುದಿಲ್ಲ, ಪಟ್ಟಿಗೆ ಬಂದವರು ಬರುತ್ತಾರೆ.

ಇಷ್ಟೆಲ್ಲ ಆಗಿಯೂ ಈ ಪ್ರಕರಣವನ್ನು ಯಶಸ್ಸಿನ ಕಥೆ ಎನ್ನಲಾರೆ. ಡಿಸೆಂಬರ್‌ನಲ್ಲಿ ಇಂಡಿಯನ್ ವಿಮೆನ್ಸ್ ಲೀಗ್ ಮೊದಲ ಬಾರಿಗೆ ತವರು–ಎದುರಾಳಿ ಅಂಗಣಗಳ ಮಾದರಿಯಲ್ಲಿ ಶುರುವಾಯಿತು. ವಿಶ್ವಕಪ್‌ಗೆ ಸುದ್ದಿ ಸಂಸ್ಥೆಗಳು ಬೊಗಸೆ ತುಂಬ ವರದಿ ಕೊಡುತ್ತಿದ್ದವು. ಈ ಲೀಗ್‌ಗೆ ಬರುತ್ತಿದ್ದದ್ದು ಒಂದೆರಡು ಪ್ಯಾರಾ. ಸ್ವಂತ ವರದಿಗಾರರನ್ನು ಕಳುಹಿಸಬೇಕಿತ್ತು, ಕಳುಹಿಸಲಿಲ್ಲ. ಅಂಕಪಟ್ಟಿ ಕೆಲವು ವಾರ ಬಂದು ನಿಂತುಹೋಯಿತು. ಈ ಸಲ ಕೇಳಿ ಯಾರೂ ಕರೆ ಮಾಡಲಿಲ್ಲ. ವಾರಕ್ಕೊಮ್ಮೆ ಬಂದು ಮಧ್ಯೆ ಮಧ್ಯೆ ತಪ್ಪುವ ಪಟ್ಟಿಗೆ ಯಾರಿಗೆ ರೂಢಿಯಾದೀತು?

2025ರ ಜೂನ್–ಜುಲೈನಲ್ಲಿ ಭಾರತದ ವನಿತೆಯರು ಥಾಯ್ಲೆಂಡ್‌ನಲ್ಲಿ ಏಷ್ಯಾ ಕಪ್ ಅರ್ಹತಾ ಸುತ್ತು ಆಡಿದರು. ಮಂಗೋಲಿಯಾ ವಿರುದ್ಧದ 13–0 ಗೆಲುವು ಒಂದು ಕಾಲಂ ಸುದ್ದಿಯಾಗಿ ಹೋಯಿತು. ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ಸಂಗೀತಾ ಬಸ್ಫೋರ್ ಎರಡು ಗೋಲು ಹೊಡೆದು, ಭಾರತ 2–1ರಿಂದ ಆತಿಥೇಯರನ್ನು ಸೋಲಿಸಿ ಅರ್ಹತಾ ಸುತ್ತಿನ ಮೂಲಕ ಮೊದಲ ಬಾರಿಗೆ ಏಷ್ಯಾ ಕಪ್‌ಗೆ ದಾರಿ ಮಾಡಿಕೊಂಡ ಸಂಜೆಯೇ ಎಜ್‌ಬಾಸ್ಟನ್‌ನಲ್ಲಿ ಶುಭಮನ್ ಗಿಲ್ ಅದೇ ಟೆಸ್ಟ್‌ನ ಎರಡನೇ ಶತಕ ಬಾರಿಸಿದ್ದರು. ಮುಖ್ಯ ಸುದ್ದಿ ಗಿಲ್. ಅದರ ಪಕ್ಕದಲ್ಲಿಯೇ, ಪುಟದ ಮೇಲರ್ಧದಲ್ಲಿ, ಮೂರು ಕಾಲಂ ಬಸ್ಫೋರ್. ಎರಡೂ ಗೋಲು ಹೇಗೆ ಬಂದವು ಎಂಬ ವಿವರದೊಡನೆ. ಅದನ್ನು ಅಲ್ಲಿಡಲು ಈ ಬಾರಿ ಯಾರೂ ವಾದಿಸಬೇಕಾಗಲಿಲ್ಲ. ಕಿಕ್‌ಸ್ಟಾರ್ಟ್‌ನ ಪಂದ್ಯಗಳಿಗೆ ವರದಿಗಾರರನ್ನು ಕಳುಹಿಸುವ ಮಾತು ಮಾತ್ರ ಪ್ರತಿ ವರ್ಷ ಎದ್ದು ಹಾಗೆಯೇ ಕುಳಿತುಕೊಳ್ಳುತ್ತದೆ. ಬೆಂಗಳೂರಿನ ಫುಟ್‌ಬಾಲ್ ಕ್ರೀಡಾಂಗಣ ಆ ಕಚೇರಿಯಿಂದ ಆಟೊದಲ್ಲಿ ಹೋಗಿಬರುವಷ್ಟು ದೂರ.